ಬಾಣಂತಿಯ ತಟ್ಟೆ, ಕೂಸಿನ ಹಾಲು: ಪದೇ ಪದೇ ಕೇಳುವ ಪ್ರಶ್ನೆಗಳು

ಅಂಗನವಾಡಿಯ ತಾಯಂದಿರ ಸಭೆಗಳಲ್ಲಿ, ಹೆರಿಗೆ ವಾರ್ಡಿನ ಹೊರಗಿನ ಬೆಂಚಿನ ಮೇಲೆ, ರಾತ್ರಿ ಹನ್ನೊಂದಕ್ಕೆ ಬರುವ ಫೋನುಗಳಲ್ಲಿ, ಓದುಗರ ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಆದಷ್ಟೂ ಹಾಗೇ ಉಳಿಸಿದ್ದೇನೆ. ನಾನು ವೈದ್ಯೆಯಲ್ಲ, ಬಸುರಿ ಬಾಣಂತಿಯರ ಜೊತೆ ಊಟದ ವಿಷಯ ಮಾತಾಡುವುದು ಹಲವು ವರ್ಷಗಳಿಂದ ನನ್ನ ಕೆಲಸ. ಕೂಸಿಗೆ ಜ್ವರವಿದ್ದರೆ, ಏದುಸಿರು ಬರುತ್ತಿದ್ದರೆ, ಹಾಲು ಎಳೆಯದೆ ಮಂಕಾಗಿ ಮಲಗಿದ್ದರೆ ಇದನ್ನು ಓದುತ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ.

## ಬಸಿರಿನ ದಿನಗಳು

“ಇಬ್ಬರಿಗೆ ಆಗುವಷ್ಟು ಉಣ್ಣು ಅಂತಾರೆ ಒಬ್ರು. ಜಾಸ್ತಿ ಉಂಡ್ರೆ ಮಗು ದಪ್ಪ ಆಗಿ ಹೆರಿಗೆ ಕಷ್ಟ ಅಂತಾರೆ ಇನ್ನೊಬ್ರು. ಯಾರ ಮಾತು ಕೇಳ್ಲಿ?”

ಇಬ್ಬರದೂ ಬೇಡ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿರುವಂತೆ ಬಸುರಿಗೆ ಮಾಮೂಲಿ ಊಟಕ್ಕಿಂತ ದಿನಕ್ಕೆ ಹೆಚ್ಚಿಗೆ ಬೇಕಿರುವುದು ಸುಮಾರು 350 ಕ್ಯಾಲೊರಿ. ಒಂದು ಲೋಟ ಹಾಲು, ಒಂದು ಬಾಳೆಹಣ್ಣು, ಒಂದು ಹಿಡಿ ಹುರಿಗಡಲೆ ತಿಂದರೆ ಹತ್ತಿರ ಹತ್ತಿರ ಅಷ್ಟಾಯಿತು. ಆದರೆ ಬರೀ ಅನ್ನದಲ್ಲಿ ಹೊಟ್ಟೆ ತುಂಬಿಸಿಕೊಂಡರೆ ಸಾಲದು. ಬೇಳೆ, ಕಾಳು, ಸೊಪ್ಪು, ತಿನ್ನುವವರಾದರೆ ಮೊಟ್ಟೆ, ಮೀನು ದಿನವೂ ತಟ್ಟೆಗೆ ಬರಬೇಕು. ಮಗು ದಪ್ಪವಾದೀತು ಅಂತ ಹೆದರಿ ಕಡಿಮೆ ಉಂಡವರಿಗೆ ಎರಡೂವರೆ ಕಿಲೋ ಕೂಡ ತೂಗದ ಕೂಸು ಹುಟ್ಟುವ ಸಂಭವ ಹೆಚ್ಚು, ಅಂಥ ಕೂಸನ್ನು ಉಳಿಸಿ ಬೆಳೆಸುವುದು ಬಹಳ ಕಷ್ಟ. 2017ರ ಅಕ್ಟೋಬರ್ 2ರಂದು ರಾಜ್ಯದಲ್ಲಿ ಶುರುವಾದ ಮಾತೃಪೂರ್ಣ ಯೋಜನೆಯ ಉದ್ದೇಶವೂ ಇದೇ: ಬಸುರಿಗೂ ಬಾಣಂತಿಗೂ ಅಂಗನವಾಡಿಯಲ್ಲಿ ಮಧ್ಯಾಹ್ನ ಬಿಸಿಯೂಟ, ಹಾಲು, ಮೊಟ್ಟೆ, ಚಿಕ್ಕಿ. ನಿಮ್ಮ ಪಾಲು ಅಲ್ಲಿದೆ, ಸಂಕೋಚ ಬಿಟ್ಟು ಹೋಗಿ.

“ಕಬ್ಬಿಣದ ಮಾತ್ರೆ ನುಂಗಿದ್ರೆ ಮಗು ಕಪ್ಪಗೆ ಹುಟ್ಟುತ್ತಂತೆ?”

ಕಪ್ಪಾಗುವುದು ನಿಮ್ಮ ಮಲ, ಮಗುವಲ್ಲ. ದೇಶದ ಬಸುರಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ ಇದೆ ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಬಸಿರಿನಲ್ಲಿ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ ಮಾತ್ರೆ ತಗೊಳ್ಳಬೇಕು. ಹೊಟ್ಟೆ ತೊಳಸಿದರೆ ರಾತ್ರಿ ಮಲಗುವ ಮುಂಚೆ ನುಂಗಿ. ಕಾಫಿ, ಟೀ ಜೊತೆ ಬೇಡ. ನಿಂಬೆ ಪಾನಕದ ಜೊತೆಯಾದರೆ ಒಳ್ಳೆಯದು. ಕ್ಯಾಲ್ಸಿಯಂ ಮಾತ್ರೆಯನ್ನು ಬೇರೆ ಹೊತ್ತಿಗೆ ಇಟ್ಟುಕೊಳ್ಳಿ, ಎರಡನ್ನೂ ಒಟ್ಟಿಗೆ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದು ಕಡಿಮೆ.

## ಹುಟ್ಟಿದ ಮೊದಲ ವಾರ

“ಹೆತ್ತು ಎರಡು ದಿನ ಆಯ್ತು, ಹಾಲೇ ಇಳಿದಿಲ್ಲ. ಡಬ್ಬಿ ಹಾಲು ಹಾಕಿಬಿಡ್ಲಾ?”

ಇದು ನನಗೆ ಅತಿ ಹೆಚ್ಚು ಬರುವ ಫೋನು. ಹಿಂದೆ ಅತ್ತೆಯದೋ ನಾದಿನಿಯದೋ ದನಿ ಕೇಳುತ್ತಿರುತ್ತದೆ, ಕೂಸು ಅಳುತ್ತಿರುತ್ತದೆ.

ತಾಯೀ, ಹಾಲು ಇದೆ. ಮೊದಲ ಎರಡು ಮೂರು ದಿನ ಬರುವುದು ಚಮಚದ ಲೆಕ್ಕದ ಗಟ್ಟಿ ಹಳದಿ ಹಾಲು. ಗಿಣ್ಣು ಹಾಲು ಅಂತೀವಲ್ಲ, ಅದು. ಮೊದಲ ದಿನ ಕೂಸಿಗೆ ಒಂದು ಸಲಕ್ಕೆ ಬೇಕಾಗುವುದೂ ಒಂದೋ ಎರಡೋ ಚಮಚ. “ಕೊಳೆತ ಹಾಲು” ಅಂತ ಹಿಂಡಿ ಚೆಲ್ಲುವ ಮನೆಗಳು ಇನ್ನೂ ಇವೆ, ನೋಡಿದಾಗ ಹೊಟ್ಟೆ ಉರಿಯುತ್ತದೆ. ಕೂಸಿನ ಕರುಳಿಗೆ ಮೊದಲ ಕಾವಲು ಕೊಡುವ ರೋಗನಿರೋಧಕ ವಸ್ತುಗಳು ಅತಿ ಹೆಚ್ಚಿರುವುದು ಆ ಹಳದಿ ಹಾಲಿನಲ್ಲೇ. ಎದೆ ತುಂಬಿ ಬಿಳಿ ಹಾಲು ಇಳಿಯುವುದು ಎರಡರಿಂದ ನಾಲ್ಕನೆಯ ದಿನದ ನಡುವೆ. ಸಿಸೇರಿಯನ್ ಆದವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ಒಂದೆರಡು ದಿನ ತಡವಾಗಬಹುದು.

ಹಾಲು ಹೆಚ್ಚುವುದು ಕೂಸು ಎಳೆದಷ್ಟೂ. ಡಬ್ಬಿ ಹಾಲು ಕುಡಿದ ಕೂಸು ಮಲಗುತ್ತದೆ, ಎದೆ ಎಳೆಯುವುದಿಲ್ಲ, ಎಳೆಯದ ಎದೆ ಹಾಲು ತಯಾರಿಸುವುದಿಲ್ಲ. ಅದರ ಬದಲು ಹೀಗೆ ಮಾಡಿ: ಕೂಸಿನ ಬಟ್ಟೆ ತೆಗೆದು, ಬರೀ ಲಂಗೋಟಿಯಲ್ಲಿ, ನಿಮ್ಮ ಬರಿಯೆದೆಯ ಮೇಲೆ ಮಲಗಿಸಿ, ಇಬ್ಬರ ಮೇಲೂ ಹೊದಿಕೆ ಹೊದೆಯಿರಿ. ಅದು ಬಾಯಿ ಅಗಲ ತೆರೆಯುವ ತನಕ ಕಾಯಿರಿ. ತೊಟ್ಟು ಮಾತ್ರವಲ್ಲ, ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು. ಗಲ್ಲ ಎದೆಗೆ ಒತ್ತಿರಬೇಕು, ಕೆಳದುಟಿ ಹೊರಕ್ಕೆ ಮಡಚಿರಬೇಕು. ತೊಟ್ಟು ಮಾತ್ರ ಕಚ್ಚಿದರೆ ನಿಮಗೆ ಪ್ರಾಣ ಹೋಗುವಷ್ಟು ನೋವು, ಅದಕ್ಕೆ ಹಾಲೂ ಇಲ್ಲ. ದಿನಕ್ಕೆ ಎಂಟರಿಂದ ಹನ್ನೆರಡು ಸಲ. ಹಾಲು ನಿಜಕ್ಕೂ ಸಾಲದೆ ವೈದ್ಯರೇ ಡಬ್ಬಿ ಹಾಲು ಬರೆದರೆ ಅದನ್ನು ಕೊಡುವುದು ತಪ್ಪಲ್ಲ. ಒಳಲೆಯಲ್ಲಿ ಕೊಡಿ, ಬಾಟಲಿಯಲ್ಲಿ ಬೇಡ, ಎದೆಗೆ ಹಾಕುವುದನ್ನು ಮಾತ್ರ ಬಿಡಬೇಡಿ.

“ಮಗೀಗೆ ಹಾಲು ಸಾಲಾಕತ್ತೈತೋ ಇಲ್ಲೋ ಹೆಂಗ್ ತಿಳೀತೈತ್ರೀ?”

ಅಳು ನೋಡಿ ತಿಳಿಯುವುದಿಲ್ಲ, ಲಂಗೋಟಿ ನೋಡಿ ತಿಳಿಯುತ್ತದೆ. ಐದಾರು ದಿನ ಕಳೆದ ಮೇಲೆ ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ದರೆ, ಅದು ನೀರಿನಂತೆ ತೆಳ್ಳಗಿದ್ದರೆ ಹಾಲು ಸಾಕಾಗುತ್ತಿದೆ. ಮೊದಲ ದಿನಗಳಲ್ಲಿ ಹುಟ್ಟಿದ ತೂಕ ನೂರಕ್ಕೆ ಏಳರಷ್ಟು ಇಳಿಯುವುದು ಸಹಜ. ಹತ್ತು ದಾಟಿದರೆ ತೋರಿಸಲೇಬೇಕು. ಹತ್ತು ಹದಿನಾಲ್ಕು ದಿನಕ್ಕೆ ಮತ್ತೆ ಹುಟ್ಟಿದ ತೂಕಕ್ಕೆ ಬರಬೇಕು.

“ಬೇಸಿಗೆ ಬಿಸ್ಲು ಹಿಂಗೈತಿ, ಒಂದೆರಡು ಚಮಚಾ ನೀರು ಕುಡ್ಸಿದ್ರ ಏನಾಗ್ತೈತ್ರೀ?”

ಕಲಬುರಗಿಯ ಮೇ ತಿಂಗಳಾದರೂ ಆರು ತಿಂಗಳ ತನಕ ನೀರು ಬೇಡ. ತಾಯಿಯ ಹಾಲಿನಲ್ಲಿ ನೂರಕ್ಕೆ 87-88 ಭಾಗ ನೀರೇ ಇದೆ. ನೀರು ತುಂಬಿದ ಹೊಟ್ಟೆಗೆ ಹಾಲು ಹಿಡಿಸುವುದಿಲ್ಲ, ಜೊತೆಗೆ ಭೇದಿಯ ಭಯ. ನೀರು ನೀವು ಕುಡಿಯಿರಿ.

“ಕತ್ತೆ ಹಾಲು ಹಾಕಿದ್ರೆ ಕೆಮ್ಮು ದಮ್ಮು ಹತ್ರ ಸುಳಿಯಲ್ಲ ಅಂತ ಮನೆ ಮುಂದೇನೇ ಕರ್ಕೊಂಡು ಬರ್ತಾರೆ. ಜೇನು, ಬಜೆ?”

ಮೂರೂ ಬೇಡ. ಬೀದಿಯಲ್ಲಿ ಕರೆದ ಹಸಿ ಹಾಲಿನ ಜೊತೆ ರೋಗಾಣು ಕೂಸಿನ ಹೊಟ್ಟೆಗೆ ಹೋಗಬಹುದು. ಜೇನಿನಲ್ಲಿ ಬಾಟ್ಯುಲಿಸಂ ರೋಗಾಣುವಿನ ಬೀಜಕಗಳಿರಬಹುದು, ಒಂದು ವರ್ಷದೊಳಗಿನ ಕರುಳು ಅದನ್ನು ತಡೆಯಲಾರದು. ತೇಯುವ ಕಲ್ಲು, ನೆಕ್ಕಿಸುವ ಬೆರಳು ಎಷ್ಟು ಶುಚಿ ಎಂಬುದು ಬಜೆಯ ಕಷ್ಟ. ವೈದ್ಯರು ಬರೆದ ವಿಟಮಿನ್ ಡಿ ಹನಿಗಳನ್ನು ಮಾತ್ರ ತಪ್ಪಿಸಬೇಡಿ.

## ಬಾಣಂತನ

“ನಮ್ಮಮ್ಮ ಮೂರು ತಿಂಗ್ಳು ಬರೀ ಅನ್ನ, ಮೆಣಸಿನ ಸಾರು, ತುಪ್ಪ ಅಷ್ಟೇ ಕೊಡ್ತಾರೆ. ತರಕಾರಿ ಶೀತ, ಬೇಳೆ ವಾಯು, ಹಣ್ಣು ನೆಗಡಿ ಅಂತಾರೆ. ಹೀಗೇ ಇದ್ರೆ ಪರವಾಗಿಲ್ವಾ?”

ಪರವಾಗಿಲ್ಲ ಎನ್ನಲಾರೆ. ಇಷ್ಟು ಪ್ರಶ್ನೆಗಳಲ್ಲಿ ಒಂದಕ್ಕೇ ಉತ್ತರ ಬರೆಯಲು ಬಿಟ್ಟರೆ ನಾನು ಇದನ್ನೇ ಆರಿಸಿಕೊಳ್ಳುತ್ತಿದ್ದೆ.

ನನ್ನ ಮೊದಲ ಬಾಣಂತನದ ತಟ್ಟೆ ಕಣ್ಣಿಗೆ ಕಟ್ಟಿದ ಹಾಗಿದೆ. ಗಂಜಿ ಬಸಿದ ಬೆಳ್ಳನೆಯ ಅನ್ನ, ನಡುವೆ ಗುಳಿ ಮಾಡಿ ಹೊಯ್ದ ತುಪ್ಪ, ಮೆಣಸು ಬೆಳ್ಳುಳ್ಳಿ ಕುಟ್ಟಿದ ನೀರು ಸಾರು, ಊಟವಾದ ಮೇಲೆ ಎಲೆ ಅಡಿಕೆ. ಅಮ್ಮ ಅದನ್ನು ಕಲಸಿ ಕೈತುತ್ತು ಕೊಡುತ್ತಿದ್ದಳು. ಆ ಪ್ರೀತಿಯನ್ನು ಒಂದು ಗುಲಗಂಜಿಯಷ್ಟೂ ಹೀಗಳೆಯಲಾರೆ. ಆದರೆ ಆ ತಟ್ಟೆಯಲ್ಲಿ ಇಲ್ಲದ್ದು ಏನೆಂದು ಆಗ ನಮಗಿಬ್ಬರಿಗೂ ಗೊತ್ತಿರಲಿಲ್ಲ.

ಇಲ್ಲದ್ದು ಥಯಾಮಿನ್, ಅಂದರೆ ಬಿ1 ಜೀವಸತ್ವ. ಅದು ಇರುವುದು ಅಕ್ಕಿಯ ತೌಡಿನಲ್ಲಿ, ಬೇಳೆಕಾಳಿನಲ್ಲಿ, ಶೇಂಗಾ, ಎಳ್ಳು, ರಾಗಿ, ಜೋಳದಲ್ಲಿ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಉಳಿಯುವುದೇ ಅಲ್ಪ. ಅದನ್ನು ಮೂರು ಸಲ ತೊಳೆದು, ಗಂಜಿ ಬಸಿದರೆ ಉಳಿದದ್ದೂ ನೀರಿನ ಜೊತೆ ಹೋಯಿತು. ಅಡಿಕೆ ಮತ್ತು ಟೀಯಲ್ಲಿರುವ ಅಂಶಗಳು ಥಯಾಮಿನನ್ನು ಕೆಡಿಸುತ್ತವೆ. ತಾಯಿಯ ಮೈಯಲ್ಲಿ ಇದರ ದಾಸ್ತಾನು ಕೆಲವೇ ವಾರಗಳಿಗೆ ಸಾಲುವಷ್ಟು. ಆಮೇಲೆ ಹಾಲಿನಲ್ಲೂ ಇಳಿಯುತ್ತದೆ. ಎದೆಹಾಲು ಮಾತ್ರ ಕುಡಿದು ದುಂಡಗೆ ಬೆಳೆಯುತ್ತಿದ್ದ ಎರಡು ಮೂರು ತಿಂಗಳ ಕೂಸು ಇದ್ದಕ್ಕಿದ್ದಂತೆ ಹಾಲು ಬಿಡುತ್ತದೆ, ವಾಂತಿ ಮಾಡುತ್ತದೆ, ಅತ್ತರೆ ದನಿಯೇ ಹೊರಡುವುದಿಲ್ಲ, ಏದುಸಿರು ಬಿಡುತ್ತದೆ. ಹೃದಯ ಸೋಲುತ್ತಿರುತ್ತದೆ. ಪಥ್ಯದಲ್ಲಿದ್ದ ತಾಯಂದಿರ ಇಂಥ ಕೂಸುಗಳ ಬಗ್ಗೆ ಕರ್ನಾಟಕದ ವೈದ್ಯರು ಈಚಿನ ವರ್ಷಗಳಲ್ಲಿ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿ ಮಾಡಿದ್ದಾರೆ. ಗುರುತಿಸಿ ಥಯಾಮಿನ್ ಚುಚ್ಚುಮದ್ದು ಕೊಟ್ಟರೆ ಗಂಟೆಗಳಲ್ಲೇ, ಹೆಚ್ಚೆಂದರೆ ಒಂದೆರಡು ದಿನಗಳಲ್ಲಿ ಚೇತರಿಕೆ ಕಾಣುತ್ತದೆ. ಗುರುತಿಸದಿದ್ದರೆ ಕೂಸು ಉಳಿಯುವುದಿಲ್ಲ. “ದೃಷ್ಟಿ ಆಗಿತ್ತು, ಎರಡೇ ದಿನದಲ್ಲಿ ಹೋಯ್ತು” ಎಂದು ಹಳ್ಳಿಗಳಲ್ಲಿ ಕೇಳಿದ ಕಥೆಗಳಲ್ಲಿ ಎಷ್ಟು ಇದೇ ಆಗಿದ್ದವೋ ಎಂದು ನೆನೆದು ಎಷ್ಟೋ ರಾತ್ರಿ ನನಗೆ ನಿದ್ದೆ ಬಂದಿಲ್ಲ.

ಇದರಿಂದ ಎದೆಹಾಲು ಕೆಟ್ಟದ್ದೆಂದು ತಿಳಿಯಬೇಡಿ. ತಾಯಿಗೆ ಉಣಿಸಿ. ಹಾಲೂಡುವ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚಿಗೆ ಬೇಕು, ಬಸಿರಿಗಿಂತಲೂ ಜಾಸ್ತಿ. ಮೆಣಸಿನ ಸಾರನ್ನು ಬಿಡಬೇಕಿಲ್ಲ, ಅದಕ್ಕೇ ಒಂದು ಹಿಡಿ ತೊಗರಿಬೇಳೆಯ ಕಟ್ಟು ಸೇರಿಸಿ. ಕರಾವಳಿಯವರು ಬೆಳ್ತಿಗೆಯ ಬದಲು ಕುಚ್ಚಲಕ್ಕಿ ಉಣ್ಣಲಿ. ಭತ್ತ ಕುದಿಯುವಾಗ ಥಯಾಮಿನ್ ಕಾಳಿನೊಳಕ್ಕೆ ಇಳಿದಿರುತ್ತದೆ. ಬಯಲುಸೀಮೆಯಲ್ಲಿ ಮುದ್ದೆ, ಬಡಗಣದಲ್ಲಿ ಜೋಳದ ರೊಟ್ಟಿ ಮೊದಲ ವಾರದಿಂದಲೇ ಆಗಬಹುದು. ಸಬ್ಬಸಿಗೆ, ಮೆಂತ್ಯ, ನುಗ್ಗೆ ಸೊಪ್ಪಿನ ಪಲ್ಯ, ಹೆಸರುಕಾಳು, ಮೊಟ್ಟೆ, ಮೀನು, ಪರಂಗಿಹಣ್ಣು, ಬಾಳೆಹಣ್ಣು ಎಲ್ಲವೂ ಆಗುತ್ತದೆ. ತಾಯಿ ತಿಂದ ಹಣ್ಣಿನಿಂದ ಕೂಸಿಗೆ ಶೀತವಾಗುವುದಿಲ್ಲ.

“ನೀರು ಕುಡಿದ್ರೆ ಹೊಟ್ಟೆ ಡೊಳ್ಳಾಗುತ್ತೆ ಅಂತ ದಿನಕ್ಕೆ ಎರಡೇ ಲೋಟ ಕೊಡ್ತಾರೆ.”

ಹೊಟ್ಟೆ ಇಳಿಯುವುದಕ್ಕೂ ನೀರಿಗೂ ಸಂಬಂಧವಿಲ್ಲ. ನೀರು ಕಡಿಮೆಯಾದರೆ ಮಲಬದ್ಧತೆ, ಉರಿಮೂತ್ರ. ಹೊಲಿಗೆ ಹಾಕಿಸಿಕೊಂಡವರಿಗಂತೂ ನರಕ. ಹಾಲೂಡಲು ಕೂತಾಗಲೆಲ್ಲ ಒಂದು ಲೋಟ ಕುಡಿಯಿರಿ.

“ಅತ್ತೆ ಹೇಳೋದೊಂದು, ಡಾಕ್ಟ್ರು ಹೇಳೋದೊಂದು. ಹಳೇದೆಲ್ಲಾ ಬಿಟ್ಟುಬಿಡ್ಬೇಕಾ?”

ಖಂಡಿತ ಬೇಡ. ತವರಿಗೆ ಕರೆತಂದು ನೀರು ಸೇದುವುದು, ಒಲೆ ಉರಿಸುವುದು, ಹೊಲದ ಕೆಲಸ ಎಲ್ಲದರಿಂದ ಹೆಣ್ಣನ್ನು ಬಿಡಿಸಿ, ಕೂಸಿನ ಜೊತೆ ಮಲಗಿಸಿ, ಹೊತ್ತು ಹೊತ್ತಿಗೆ ಬಿಸಿ ಊಟ ಕೊಟ್ಟ ಪದ್ಧತಿ ಎಷ್ಟು ದೊಡ್ಡದು! ಒಂಟಿಯಾಗಿ ಫ್ಲ್ಯಾಟಿನಲ್ಲಿ ಕೂಸು ಸಾಕುವ ಇಂದಿನ ಹುಡುಗಿಯರನ್ನು ನೋಡಿದಾಗ ಅದರ ಬೆಲೆ ತಿಳಿಯುತ್ತದೆ. ಬಡಗಣದ ಅಂಟಿನ ಉಂಡೆ, ಅಳವಿ ಪಾಯಸ, ಕೊಬ್ಬರಿ, ಬೆಲ್ಲ, ಹಗುರ ಕೈಯ ಎಣ್ಣೆ ನೀವುವಿಕೆ ಎಲ್ಲ ಇರಲಿ. ಹೊರಸಿನ ಕೆಳಗೆ ಕೆಂಡ, ಲೋಬಾನದ ಹೊಗೆ ಬೇಡ, ಎಳೆಯ ಶ್ವಾಸಕೋಶಕ್ಕೆ ಅದು ವಿಷ. ಕಣ್ಣಿಗೆ ಕಾಡಿಗೆ, ಕಿವಿ ಮೂಗಿಗೆ ಎಣ್ಣೆ ಬೇಡ.

ಅತ್ತೆಯ ಜೊತೆ ವಾದಕ್ಕಿಳಿಯುವ ಬದಲು ಅವರನ್ನೂ ತಪಾಸಣೆಗೆ ಕರೆದುಕೊಂಡು ಹೋಗಿ. ವೈದ್ಯರ ಬಾಯಿಂದ ನೇರ ಕೇಳಿದ ಅಜ್ಜಿಯರೇ ಆಮೇಲೆ ಬೇಳೆ ಕಟ್ಟು ಬಡಿಸಿದ್ದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ.

“ಎಲ್ಲಾ ಚೆನ್ನಾಗೇ ಇದೆ, ಆದ್ರೂ ಸುಮ್‌ಸುಮ್ನೆ ಅಳು ಬರುತ್ತೆ. ಮಗು ಮುಖ ನೋಡೋಕೂ ಬೇಜಾರು. ನಾನು ಕೆಟ್ಟ ತಾಯೀನಾ?”

ಇಲ್ಲಮ್ಮ. ಮೊದಲ ಹತ್ತು ದಿನ ಅಳು ಬರುವುದು ತುಂಬಾ ಜನರಿಗೆ ಆಗುತ್ತದೆ, ತಾನಾಗೇ ಹೋಗುತ್ತದೆ. ಎರಡು ವಾರ ದಾಟಿದರೂ ಇದ್ದರೆ, ಕೂಸು ಮಲಗಿದಾಗಲೂ ನಿದ್ದೆ ಬರದಿದ್ದರೆ, ಬದುಕೇ ಬೇಡ ಅನ್ನಿಸಿದರೆ ಅದು ಕಾಯಿಲೆ, ಅದಕ್ಕೆ ಮದ್ದಿದೆ. ಹೆಚ್ಚಿನವರಿಗೆ ಹಾಲೂಡುತ್ತಲೇ ತಗೊಳ್ಳಬಹುದಾದ ಔಷಧಗಳೂ ಇವೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೇ ಸೇರಿಸಿಕೊಳ್ಳುವ ವಿಭಾಗ 2009ರಿಂದ ಇದೆ. “ನಿನ್ನ ಮದ್ದಿಂದ ಹಾಲು ಕೆಡುತ್ತೆ, ಮಗೂನ ಬಿಟ್ಟಿರು” ಎಂದು ಯಾರಾದರೂ ಅಂದರೆ ವೈದ್ಯರನ್ನು ಕೇಳದೆ ಒಪ್ಪಬೇಡಿ.

“ನಾನು ಗಂಡ. ಹಾಲು ಕೊಡೋಕಂತೂ ಆಗಲ್ಲ. ಏನು ಮಾಡ್ಲಿ?”

ಈ ಪ್ರಶ್ನೆ ಬರೆದು ಕಳಿಸಿದ ಹುಡುಗನಿಗೆ ದೊಡ್ಡ ನಮಸ್ಕಾರ. ರಾತ್ರಿ ಎರಡಕ್ಕೆ ಲಂಗೋಟಿ ಬದಲಿಸಿ. ಅವಳ ತಲೆದೆಸೆಯಲ್ಲಿ ಚೊಂಬು ತುಂಬಿಡಿ. ಕಡಿಮೆ ತೂಕದ ಕೂಸಾದರೆ ನಿಮ್ಮ ಬರಿಯೆದೆಗೂ ಕಟ್ಟಿಕೊಳ್ಳಿ. ಕಾಂಗರೂ ಆರೈಕೆಗೆ ತಂದೆಯ ಎದೆಯೂ ಬೆಚ್ಚಗೇ ಇರುತ್ತದೆ. ಬಂದವರು “ಹಾಲು ಸಾಲ್ತಿಲ್ವೇನೋ” ಅಂದಾಗ ಅವಳ ಪರವಾಗಿ ಮೊದಲು ಬಾಯಿ ತೆರೆಯಬೇಕಾದವರು ನೀವು.

## ಆರು ತಿಂಗಳಾದ ಮೇಲೆ

“ರಾಗಿ ಸರಿ ಯಾವಾಗಿಂದ? ನೀರಾಗಿರ್ಬೇಕಾ, ಗಟ್ಟಿನಾ?”

ಆರು ತಿಂಗಳು ತುಂಬಿದ ಮೇಲೆ. ಹುಟ್ಟುವಾಗ ತಂದ ಕಬ್ಬಿಣದ ಗಂಟು ಆ ಹೊತ್ತಿಗೆ ಕರಗುತ್ತಾ ಬಂದಿರುತ್ತದೆ, ಹಾಲೊಂದೇ ಸಾಲುವುದಿಲ್ಲ. ಕೂಸಿನ ಹೊಟ್ಟೆ ಚಿಕ್ಕದು, ಆದ್ದರಿಂದ ನೀರು ನೀರಾದ ಅಂಬಲಿ ಹೊಟ್ಟೆ ತುಂಬಿಸಿದರೂ ಮೈಗೆ ಹತ್ತುವುದಿಲ್ಲ. ಚಮಚ ಓರೆ ಮಾಡಿದರೆ ಸುರಿಯದೆ ನಿಧಾನ ಜಾರುವಷ್ಟು ಗಟ್ಟಿ ಇರಲಿ.

ನಮ್ಮ ಅಜ್ಜಿಯರ ಮೊಳಕೆ ರಾಗಿಯ ಜಾಣತನ ಇಲ್ಲೇ ಇದೆ. ರಾಗಿ ತೊಳೆದು ರಾತ್ರಿಯಿಡೀ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಬಿಳಿ ಮೊಳಕೆ ಇಣುಕಿದ ಮೇಲೆ ಒಣಗಿಸಿ, ಘಮ್ಮೆನ್ನುವಷ್ಟು ಹದವಾಗಿ ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿಯುತ್ತಾರೆ. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಹಿಟ್ಟು ಹೆಚ್ಚು ಹಾಕಿದರೂ ಸರಿ ಅಂಟಂಟಾಗುವುದಿಲ್ಲ. ಅಂದರೆ ಅಷ್ಟೇ ತುತ್ತಿನಲ್ಲಿ ಹೆಚ್ಚು ಶಕ್ತಿ. ಮೈಸೂರಿನ ಸಿಎಫ್‌ಟಿಆರ್‌ಐ (ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ವಿಜ್ಞಾನಿಗಳಾದ ಎನ್. ಜಿ. ಮಲ್ಲೇಶಿ, ಎಚ್. ಎಸ್. ಆರ್. ದೇಶಿಕಾಚಾರ್ 1982ರಲ್ಲೇ ಮೊಳಕೆ ರಾಗಿ, ಹೆಸರುಕಾಳಿನಿಂದ ಹೀಗೆ ತೆಳುವಾಗಿಯೇ ಉಳಿಯುವ ಶಿಶು ಆಹಾರ ರೂಪಿಸಿದ್ದರು. ಮನೆಯಲ್ಲೂ ಹೆಸರುಕಾಳು ಸೇರಿಸಿ. ಕಿಣ್ವ ಸಾಯದಂತೆ ಹುರಿಯುವಾಗ ಕರಕಾಗಿಸಬೇಡಿ.

ರಾಗಿಯಲ್ಲಿ ಸುಣ್ಣದಂಶ ಧಾರಾಳ, ಆದರೆ ಅದರ ಕಬ್ಬಿಣ ಸುಲಭವಾಗಿ ಮೈಗೆ ಹತ್ತದು. ಹಾಗಾಗಿ ದಿನದ ಮೂರೂ ಊಟ ಸರಿಯೇ ಆಗಬಾರದು. ಕಿವುಚಿದ ಬೇಳೆ ಅನ್ನ, ಸೊಪ್ಪು, ಮೊಟ್ಟೆ, ತಿನ್ನುವ ಮನೆಯಾದರೆ ನುಣ್ಣಗೆ ಬೇಯಿಸಿದ ಮೀನು, ಕೋಳಿ ಈಲಿ, ಮೇಲೊಂದು ಚಮಚ ತುಪ್ಪ ಅಥವಾ ಎಣ್ಣೆ ಹಾಕಿ. ಎದೆಹಾಲು ಎರಡು ವರ್ಷದ ತನಕ, ಬೇಕಿದ್ದರೆ ಆಮೇಲೂ ನಡೆಯಲಿ.

“ಗಾರ್ಮೆಂಟ್ಸ್ ಕೆಲಸಕ್ಕೆ ವಾಪಸ್ ಹೋಗ್ಬೇಕು. ಹಾಲು ಬಿಡಿಸದೆ ದಾರಿ ಇದೆಯಾ?”

1961ರ ಹೆರಿಗೆ ಸೌಲಭ್ಯ ಕಾನೂನಿಗೆ 2017ರಲ್ಲಿ ಬಂದ ತಿದ್ದುಪಡಿ ಮೊದಲ ಎರಡು ಹೆರಿಗೆಗೆ 26 ವಾರ ಸಂಬಳದ ರಜೆ ಕೊಟ್ಟಿತು, 50 ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಕಡೆ ಶಿಶುಪಾಲನಾ ಕೋಣೆ ಕಡ್ಡಾಯ ಮಾಡಿತು. ಮಗುವಿಗೆ 15 ತಿಂಗಳಾಗುವ ತನಕ ದಿನಕ್ಕೆ ಎರಡು ಸಲ ಹಾಲೂಡಲು ಬಿಡುವೂ ಹಕ್ಕು. ಕಾಗದದ ಮೇಲಿನ ಈ ಹಕ್ಕನ್ನು ಒಬ್ಬಳೇ ಕೇಳಿದರೆ ಗದರಿಸುತ್ತಾರೆ, ಹತ್ತು ಮಂದಿ ಒಟ್ಟಿಗೆ ಕೇಳಿ. ಮನೆಯಿಂದ ಹೊರಡುವ ಮುಂಚೆ ಕೈಯಲ್ಲೇ ಹಿಂಡಿ ಸ್ಟೀಲ್ ಬಟ್ಟಲಲ್ಲಿ ಮುಚ್ಚಿಟ್ಟ ಹಾಲು ಹೊರಗೆ ನಾಲ್ಕು ಗಂಟೆ, ಫ್ರಿಜ್‌ನಲ್ಲಿ ಒಂದು ದಿನ ಚೆನ್ನಾಗಿರುತ್ತದೆ. ಕುದಿಸಬಾರದು, ಬಿಸಿನೀರಿನಲ್ಲಿ ಬಟ್ಟಲಿಟ್ಟು ಬೆಚ್ಚಗಾಗಿಸಿ. ಹಳ್ಳಿಯಲ್ಲಿ ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವವರು ಪಂಚಾಯಿತಿಯಲ್ಲಿ ಕೂಸುಗಳನ್ನು ನೋಡಿಕೊಳ್ಳುವ “ಕೂಸಿನ ಮನೆ” ಇದೆಯಾ ಎಂದು ವಿಚಾರಿಸಿ.

## ಇನ್ನೂ ಒಳಹೊಕ್ಕು ಕೇಳುವವರಿಗೆ

“ಅರೆಹೊಟ್ಟೆ ಉಂಡ ತಾಯಿಗೂ ಹಾಲು ಬರುತ್ತಲ್ಲ. ಹಾಗಿದ್ರೆ ತಾಯಿ ಊಟಕ್ಕೆ ಇಷ್ಟು ಒತ್ತು ಯಾಕೆ?”

ಹಾಲಿನ ಪ್ರಮಾಣ, ಸಕ್ಕರೆ, ಪ್ರೋಟೀನು ತೀರಾ ಬರಗಾಲದ ತನಕ ಹೆಚ್ಚು ಕಡಿಮೆ ನಿಲ್ಲುತ್ತವೆ. ಸುಣ್ಣದಂಶ, ಫೋಲಿಕ್ ಆಮ್ಲವೂ ಕೂಸಿಗೆ ಕಡಿಮೆಯಾಗುವುದಿಲ್ಲ. ತಾಯಿಯ ಮೂಳೆ, ತಾಯಿಯ ರಕ್ತ ಅದನ್ನು ತುಂಬಿಕೊಡುತ್ತವೆ. ಆದರೆ ಥಯಾಮಿನ್, ಬಿ12, ವಿಟಮಿನ್ ಎ, ಅಯೋಡಿನ್ ಹಾಗಲ್ಲ. ತಾಯಿಯಲ್ಲಿ ಇಳಿದಂತೆ ಹಾಲಿನಲ್ಲೂ ಇಳಿಯುತ್ತವೆ. ಮೊದಲ ಗುಂಪಿನಲ್ಲಿ ಸವೆಯುವವಳು ತಾಯಿ, ಎರಡನೆಯದರಲ್ಲಿ ತಾಯಿಯೂ ಕೂಸೂ.

“ಕರು ದಿನಕ್ಕೆ ಎರಡು ಸಲ ಕುಡೀತದೆ. ನಮ್ ಮಗು ರಾತ್ರಿಯೆಲ್ಲಾ ಎದೆ ಬಿಡಲ್ಲ. ಏನಾದ್ರೂ ತೊಂದರೇನಾ?”

ಹಸುವಿನ ಹಾಲಿನಲ್ಲಿ ನೂರು ಗ್ರಾಮಿಗೆ ಮೂರು ಗ್ರಾಮಿಗಿಂತ ಹೆಚ್ಚು ಪ್ರೋಟೀನು, ತಾಯಿ ಹಾಲಿನಲ್ಲಿ ಒಂದು ಗ್ರಾಮು ಮಾತ್ರ. ಕರು ಒಂದೂವರೆ ತಿಂಗಳಿಗೆಲ್ಲ ಹುಟ್ಟಿದ ತೂಕದ ಎರಡರಷ್ಟಾಗಬೇಕು. ನಮ್ಮ ಕೂಸಿಗೆ ಅದಕ್ಕೆ ಐದಾರು ತಿಂಗಳು. ಗೂಡಿನಲ್ಲಿ ಮರಿ ಬಿಟ್ಟು ಹೋಗುವ ಮೊಲ ದಿನಕ್ಕೊಮ್ಮೆ ಗಟ್ಟಿ ಹಾಲು ಕೊಡುತ್ತದೆ. ಮರಿಯನ್ನು ಅವುಚಿಕೊಂಡೇ ತಿರುಗುವ ಕೋತಿ, ಮನುಷ್ಯರ ಹಾಲು ತೆಳು, ಸಿಹಿ, ಮತ್ತೆ ಮತ್ತೆ ಕುಡಿಯಲೆಂದೇ ಆದದ್ದು. ಹಾಲು ತಯಾರಿಸುವ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ರಾತ್ರಿ ಹೆಚ್ಚು ಹರಿಯುತ್ತದೆ. ರಾತ್ರಿಯ ಹಾಲು ಬಿಡಿಸಿದರೆ ಹಗಲಿನ ಹಾಲೂ ಇಳಿಯಬಹುದು. ಇಷ್ಟು ಹೊತ್ತು ಹಾಲೂಡುವ ತಾಯಿ ಒಬ್ಬಳೇ ಇದ್ದು ಬದುಕುವಂತೆ ಮನುಷ್ಯಕುಲವನ್ನು ಪ್ರಕೃತಿ ರೂಪಿಸಿಲ್ಲ. ಅಜ್ಜಿ, ಅಕ್ಕ, ಅತ್ತಿಗೆ ಸುತ್ತ ಇದ್ದೇ ಮನುಷ್ಯನ ಕೂಸು ಬೆಳೆದದ್ದು.

“ಹುಟ್ಟಿದಾಗಿನ ತೂಕಕ್ಕೂ ಐವತ್ತನೇ ವಯಸ್ಸಿನ ಹಾರ್ಟ್ ಅಟ್ಯಾಕಿಗೂ ಏನು ಸಂಬಂಧ?”

ಉತ್ತರ ಮೈಸೂರಿನಲ್ಲಿದೆ. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿತ್ತು. ದಶಕಗಳ ನಂತರ ಸಂಶೋಧಕರು ಆ ದಾಖಲೆ ಹಿಡಿದು ಅದೇ ಜನರನ್ನು ಊರಲ್ಲಿ ಹುಡುಕಿದರು. 1996ರಲ್ಲಿ ಪ್ರಕಟವಾದ ಫಲಿತಾಂಶ: ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ, ಮೂರು ಕಿಲೋ ಮೀರಿ ಹುಟ್ಟಿದವರಲ್ಲಿ ಅದು ನೂರಕ್ಕೆ 3. ತಾಯಿಯೂ ಸೊರಗಿದ್ದ ಕಡೆ ಕಾಯಿಲೆ ಇನ್ನೂ ಹೆಚ್ಚು. ಗರ್ಭದಲ್ಲಿ ಊಟ ಕಡಿಮೆಯಾದ ಕೂಸು ಮಿದುಳನ್ನು ಕಾಪಾಡಿಕೊಳ್ಳಲು ಮೇದೋಜೀರಕ, ಮೂತ್ರಪಿಂಡ, ಮಾಂಸಖಂಡಗಳ ಬೆಳವಣಿಗೆಯಲ್ಲಿ ಉಳಿತಾಯ ಮಾಡುತ್ತದೆ ಎಂಬುದು ಇದಕ್ಕೆ ಕೊಡುವ ವಿವರಣೆ.

ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಬಸುರಿಯರನ್ನು ಸೇರಿಸಿಕೊಂಡು ಶುರುವಾದ ಇನ್ನೊಂದು ಅಧ್ಯಯನದಲ್ಲಿ ನೂರಕ್ಕೆ 40ಕ್ಕಿಂತ ಹೆಚ್ಚು ಬಸುರಿಯರಿಗೆ ಬಿ12 ಕೊರತೆ ಕಂಡಿತು. ಸಸ್ಯಾಹಾರದಲ್ಲಿ ಬಿ12 ಸಿಗುವುದು ಹಾಲು, ಮೊಸರಿನಿಂದ ಮಾತ್ರ. ಮನೆಯಲ್ಲಿ ಹಾಲು ಮೊದಲು ಗಂಡಸರಿಗೆ, ಮಕ್ಕಳಿಗೆ ಹೋಗಿ, ತಳದಲ್ಲಿ ಉಳಿದದ್ದು ಹೆಂಗಸರ ಕಾಫಿಗೆ. ಮೊಟ್ಟೆ, ಮೀನು, ಮಾಂಸ ತಿನ್ನದವರು ಬಸಿರಾಗುವ ಮುಂಚೆಯೇ ಬಿ12 ರಕ್ತಪರೀಕ್ಷೆ ಮಾಡಿಸಿ, ಕಡಿಮೆಯಿದ್ದರೆ ಮಾತ್ರೆ ಕೇಳಿ ತಗೊಳ್ಳಿ.